ಬೆಳೆಯುವ ಮಿದುಳಿಗೆ ತಲುಪುವ ಓಲೆಗಳು: ಬೆಳವಣಿಗೆ ಅಂಶಗಳು, ನರವಾಹಕಗಳು ಮತ್ತು ನಡವಳಿಕೆ

ತೀರಾ ಅಪರೂಪಕ್ಕೆ ಕೆಲವು ಮಕ್ಕಳು ಹುಟ್ಟಿನಿಂದಲೇ ಎರಡು ಕೊರತೆಗಳನ್ನು ಹೊತ್ತು ಬರುತ್ತಾರೆ. ಅವರಿಗೆ ನೋವು ತಿಳಿಯುವುದಿಲ್ಲ, ಮೈ ಬೆವರುವುದೂ ಇಲ್ಲ. ಹಲ್ಲು ಮೂಡುವ ವಯಸ್ಸಿನಲ್ಲಿ ನಾಲಿಗೆಯನ್ನೋ ಬೆರಳ ತುದಿಯನ್ನೋ ಗಾಯವಾಗುವಷ್ಟು ಕಚ್ಚಿಕೊಳ್ಳುತ್ತಾರೆ, ಮೂಳೆ ಮುರಿದರೂ ಅಳದೆ ಓಡಾಡುತ್ತಾರೆ, ಮೈಯ ಬಿಸಿ ಹೊರಹೋಗುವ ದಾರಿ ಇಲ್ಲದ್ದರಿಂದ ಮತ್ತೆ ಮತ್ತೆ ಜ್ವರದಲ್ಲಿ ಬೇಯುತ್ತಾರೆ. ಇವರಲ್ಲಿ ಹಲವರಿಗೆ ಕಲಿಕೆಯ ತೊಂದರೆಯೂ ಒಂದು ಕಡೆ ನಿಲ್ಲಲಾಗದ ಚಡಪಡಿಕೆಯೂ ಇರುತ್ತವೆ. ನೋವಿಗೂ ಬೆವರಿಗೂ ಎತ್ತಣಿಂದೆತ್ತ ಸಂಬಂಧ ಎಂದು ಯಾರಿಗಾದರೂ ಅನ್ನಿಸೀತು. ಆದರೆ 1996ರಲ್ಲಿ ಜಪಾನಿನ ಸಂಶೋಧಕರು ಈ ಎರಡಕ್ಕೂ ಮೂಲ ಒಂದೇ ಜೀನಿನ ದೋಷ ಎಂದು ತೋರಿಸಿದರು.

ಆ ಮಕ್ಕಳ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಇದ್ದೇ ಇರುತ್ತವೆ. ಇಲ್ಲದಿರುವುದು ಗ್ರಂಥಿಗೆ ಬಂದು ಸೇರಬೇಕಾದ ನರ. ನೋವನ್ನು ಒಯ್ಯುವ ಸಣ್ಣ ನರಗಳೂ, ಬೆವರು, ರಕ್ತನಾಳ, ಹೃದಯಗಳನ್ನು ನಮ್ಮ ಅರಿವಿಗೆ ಬಾರದಂತೆ ನಿಯಂತ್ರಿಸುವ ಸಿಂಪಥೆಟಿಕ್ ನರಗಳೂ ಭ್ರೂಣದಲ್ಲಿ ಬದುಕಿ ಉಳಿಯಬೇಕಾದರೆ ಅವುಗಳಿಗೆ ಎನ್‌ಜಿಎಫ್, ಅಂದರೆ ನರ ಬೆಳವಣಿಗೆ ಅಂಶ ಎಂಬ ಪ್ರೋಟೀನು ಸಿಗಬೇಕು. ಈ ಮಕ್ಕಳಲ್ಲಿ ಆ ಪ್ರೋಟೀನಿಗೆ ಕೊರತೆಯಿಲ್ಲ. ಅದನ್ನು ಹಿಡಿದುಕೊಳ್ಳಲು ನರಕೋಶದ ಮೇಲ್ಮೈಯಲ್ಲಿರುವ ಟ್ರ್ಯಾಕ್-ಎ ಎಂಬ ಗ್ರಾಹಿ ಕೆಟ್ಟಿರುತ್ತದೆ. ಓಲೆ ಬಂದರೂ ಓದುವವರಿಲ್ಲ, ಹಾಗಾಗಿ ಆ ನರಕೋಶಗಳು ಮಗು ಹುಟ್ಟುವ ಮೊದಲೇ ಸತ್ತುಹೋಗುತ್ತವೆ.

‘ಬೆಳವಣಿಗೆ ಅಂಶ’ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದ್ದು ಎಂದು ನನಗೆ ಅನ್ನಿಸುತ್ತದೆ. ಕೇಳಿದೊಡನೆ ಗೊಬ್ಬರದ ನೆನಪಾಗುತ್ತದೆ, ಹೆಚ್ಚು ಸುರಿದಷ್ಟೂ ಹೆಚ್ಚು ಬೆಳೆ ಎಂಬ ಲೆಕ್ಕ ತಾನಾಗಿ ಮನಸ್ಸಿಗೆ ಬರುತ್ತದೆ. ಇವುಗಳನ್ನು ಒಂದು ಜೀವಕೋಶ ಇನ್ನೊಂದಕ್ಕೆ ಬರೆಯುವ ಓಲೆಗಳೆಂದು ತಿಳಿಯುವುದೇ ಹೆಚ್ಚು ಸರಿ. ಓಲೆ ಒಂದೇ ಆದರೂ ಅದು ಯಾರ ಕೈಗೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಸಿಕ್ಕಿತು ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ಮಿದುಳಿನ ಬೆಳವಣಿಗೆಯಿಂದ ನಡವಳಿಕೆಯವರೆಗಿನ ಹಾದಿಯನ್ನು ತಿಳಿಯಲು ಈ ಒಂದು ಮಾತನ್ನು ಬಿಡದೆ ಹಿಡಿದುಕೊಂಡರೆ ಸಾಕು.

ಎನ್‌ಜಿಎಫ್ ಪತ್ತೆಯಾದದ್ದು ಅರ್ಬುದದ ಗಡ್ಡೆಯೊಂದರ ಮೂಲಕ. 1938ರಲ್ಲಿ ಇಟಲಿಯ ಜನಾಂಗೀಯ ಕಾನೂನುಗಳಿಂದಾಗಿ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದಾಗ, ಯಹೂದಿ ವೈದ್ಯೆ ರೀಟಾ ಲೆವಿ-ಮೊಂಟಾಲ್ಚಿನಿ ಅವರು ಟ್ಯೂರಿನ್ನಿನ ತಮ್ಮ ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಹೂಡಿ ಕೋಳಿಮೊಟ್ಟೆಯ ಭ್ರೂಣಗಳಲ್ಲಿ ನರಗಳ ಬೆಳವಣಿಗೆಯನ್ನು ನೋಡುತ್ತಿದ್ದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಭ್ರೂಣವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ ಅವರು ಆಕೆಯನ್ನು ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡರು. ಇಲಿಯ ಒಂದು ಬಗೆಯ ಗಡ್ಡೆಯನ್ನು ಕೋಳಿಯ ಭ್ರೂಣಕ್ಕೆ ಕಸಿ ಮಾಡಿದರೆ ಭ್ರೂಣದ ನರಗಳು ಆ ಗಡ್ಡೆಯತ್ತ ಮುಗಿಬಿದ್ದು ಬೆಳೆಯುತ್ತಿದ್ದವು. ಗಡ್ಡೆಯಿಂದ ಏನೋ ಸ್ರವಿಸುತ್ತಿದೆ ಎಂಬ ಅನುಮಾನವನ್ನು ಪರೀಕ್ಷಿಸಲು ಅವರು 1952ರಲ್ಲಿ ಗಡ್ಡೆಯಿದ್ದ ಇಲಿಗಳನ್ನು ಜೊತೆಗೆ ಒಯ್ದು ರಿಯೊ ಡಿ ಜನೈರೊಗೆ ಹೋದರು. ಅಲ್ಲಿ ಜೀವಕೋಶಗಳನ್ನು ಗಾಜಿನಲ್ಲಿ ಬೆಳೆಸುವ ಸೌಕರ್ಯವಿತ್ತು. ಗಡ್ಡೆಯ ಚೂರಿನ ಪಕ್ಕದಲ್ಲಿ ಇಟ್ಟ ನರಗಂಟಿನ ಸುತ್ತ ಒಂದು ದಿನದೊಳಗೆ ನರತಂತುಗಳು ಸೂರ್ಯನ ಸುತ್ತಲಿನ ಕಿರಣಗಳಂತೆ ಎಲ್ಲ ಕಡೆಗೂ ದಟ್ಟವಾಗಿ ಹೊಮ್ಮಿ ನಿಂತಿದ್ದವು.

ಆ ವಸ್ತು ಏನೆಂದು ಹುಡುಕುವ ಹೊಣೆ ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಅವರದಾಯಿತು. ಗಡ್ಡೆಯ ಸಾರದಲ್ಲಿದ್ದ ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯಲೆಂದು ಹಾವಿನ ವಿಷ ಬೆರೆಸಿದಾಗ ಪರಿಣಾಮ ಕುಂದುವ ಬದಲು ಹಲವು ಪಟ್ಟು ಹೆಚ್ಚಾಯಿತು, ಏಕೆಂದರೆ ವಿಷದಲ್ಲೇ ಎನ್‌ಜಿಎಫ್ ಹೇರಳವಾಗಿತ್ತು. ವಿಷ ಹಾವಿನ ಜೊಲ್ಲುಗ್ರಂಥಿಯಿಂದ ಬರುವಂಥದ್ದಲ್ಲವೇ ಎಂದು ಯೋಚಿಸಿ ಇಲಿಯ ಜೊಲ್ಲುಗ್ರಂಥಿಯನ್ನು ನೋಡಿದರೆ ಅಲ್ಲಿಯೂ ರಾಶಿ ಇತ್ತು. ಆ ಗ್ರಂಥಿಯ ಸಾರವನ್ನು ಇಲಿಮರಿಗಳಿಗೆ ಚುಚ್ಚಿದಾಗ ಕೋಹೆನ್ ಅವರಿಗೆ ಇನ್ನೊಂದು ವಿಚಿತ್ರ ಕಂಡಿತು: ಹುಟ್ಟಿದ ಎರಡು ವಾರಕ್ಕೆ ತೆರೆಯಬೇಕಾದ ಮರಿಗಳ ಕಣ್ಣು ಒಂದೇ ವಾರಕ್ಕೆ ತೆರೆದುಕೊಂಡಿತ್ತು. ಇದು ಎನ್‌ಜಿಎಫ್‌ನ ಕೆಲಸವಾಗಿರಲಿಲ್ಲ. ಹೀಗೆ ಸಿಕ್ಕ ಎರಡನೆಯ ಪ್ರೋಟೀನೇ ಇಜಿಎಫ್, ಹೊರಚರ್ಮದ ಬೆಳವಣಿಗೆ ಅಂಶ. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು. ಆ ಬೇಗ ತೆರೆದ ಕಣ್ಣುಗಳ ವಿಷಯಕ್ಕೆ ಮುಂದೆ ಮರಳಬೇಕಿದೆ.

ಬೆಳೆಯುವ ನರವ್ಯೂಹ ತನಗೆ ಬೇಕಾದುದಕ್ಕಿಂತ ಹೆಚ್ಚು ನರಕೋಶಗಳನ್ನು ಹುಟ್ಟಿಸುತ್ತದೆ. ಹಲವು ಭಾಗಗಳಲ್ಲಿ ಹುಟ್ಟಿದವುಗಳಲ್ಲಿ ಸುಮಾರು ಅರ್ಧದಷ್ಟು ಸಾಯುತ್ತವೆ. ನರಕೋಶ ತನ್ನ ಉದ್ದನೆಯ ತಂತುವನ್ನು, ಅಂದರೆ ಆಕ್ಸಾನನ್ನು, ಗುರಿಯಾದ ಅಂಗದತ್ತ ಚಾಚುತ್ತದೆ. ಆ ಅಂಗ ಅಳತೆಯಿಟ್ಟು ಸ್ವಲ್ಪವೇ ಬೆಳವಣಿಗೆ ಅಂಶವನ್ನು ಸ್ರವಿಸುತ್ತದೆ, ಅದನ್ನು ಪಡೆದ ಆಕ್ಸಾನಿನ ಕೋಶ ಉಳಿಯುತ್ತದೆ. ಆಕ್ಸಾನಿನ ತುದಿಯಲ್ಲಿ ಅಂಶವನ್ನು ಹಿಡಿದ ಗ್ರಾಹಿಯು ಒಂದು ಪುಟ್ಟ ಚೀಲದಲ್ಲಿ ಸೇರಿ, ಕೆಲವೊಮ್ಮೆ ಕೋಶದ ಅಗಲಕ್ಕಿಂತ ಸಾವಿರಾರು ಪಟ್ಟು ದೂರ ಹಿಂದಕ್ಕೆ ಸಾಗಿ, ಕೋಶಕೇಂದ್ರಕ್ಕೆ ‘ಗುರಿ ಮುಟ್ಟಿದ್ದೇನೆ’ ಎಂಬ ಸುದ್ದಿ ಒಪ್ಪಿಸುತ್ತದೆ. ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಈ ಪ್ರೋಟೀನುಗಳು ಮೊದಲು ಉದ್ದನೆಯ ಕಚ್ಚಾ ರೂಪದಲ್ಲಿ ತಯಾರಾಗುತ್ತವೆ, ನಂತರ ಒಂದು ತುಂಡು ಕತ್ತರಿಸಿಹೋಗಿ ಪಕ್ವ ರೂಪ ಉಳಿಯುತ್ತದೆ. ಪಕ್ವ ರೂಪ ಟ್ರ್ಯಾಕ್ ಗ್ರಾಹಿಗಳನ್ನು ಹಿಡಿದು ‘ಬದುಕು’ ಎಂದರೆ, ಕಚ್ಚಾ ರೂಪವು ಪಿ75 ಎಂಬ ಬೇರೊಂದು ಗ್ರಾಹಿಯನ್ನು ಹಿಡಿದು ‘ಸಾಯಿ’ ಎನ್ನಬಲ್ಲದೆಂದು 2001ರಲ್ಲಿ ತಿಳಿದುಬಂತು.

ಉಳಿದ ನರಕೋಶ ಯಾವ ಭಾಷೆ ಆಡಬೇಕು ಎಂಬುದು ಮುಂದಿನ ಪ್ರಶ್ನೆ. ನರಕೋಶಗಳು ಒಂದಕ್ಕೊಂದು ತಾಗುವ ಜಾಗವಾದ ಸಿನಾಪ್ಸ್‌ನಲ್ಲಿ ಅತ್ತಿಂದಿತ್ತ ಹೋಗುವ ರಾಸಾಯನಿಕಗಳನ್ನು ನರವಾಹಕಗಳೆನ್ನುತ್ತೇವೆ. ಡೋಪಮಿನ್, ಸೆರೊಟೋನಿನ್, ಅಸಿಟೈಲ್‌ಕೋಲಿನ್, ಗ್ಲುಟಮೇಟ್, ಗಾಬಾ ಇವುಗಳಲ್ಲಿ ಮುಖ್ಯವಾದವು. ಯಾವ ಕೋಶ ಯಾವುದನ್ನು ಬಳಸಬೇಕೆಂಬುದನ್ನು ತೀರ್ಮಾನಿಸುವುದರಲ್ಲಿಯೂ ಬೆಳವಣಿಗೆ ಅಂಶಗಳ ಕೈವಾಡವಿದೆ. ಭ್ರೂಣದ ನಡುಮಿದುಳು ಹಿಂಮಿದುಳುಗಳ ಗಡಿಯಲ್ಲಿ ಎಫ್‌ಜಿಎಫ್8 ಎಂಬ ಅಂಶ ಸ್ರವಿಸುತ್ತದೆ, ಕೆಳಮಗ್ಗುಲಿನಿಂದ ಸಾನಿಕ್ ಹೆಡ್ಜ್‌ಹಾಗ್ ಎಂಬ ಇನ್ನೊಂದು ಸಂಕೇತ ಹರಡುತ್ತದೆ. ಇವೆರಡೂ ಕೂಡುವಲ್ಲಿ ಡೋಪಮಿನ್ ನರಕೋಶಗಳು ಹುಟ್ಟುತ್ತವೆ. ಅದೇ ಜೋಡಿಗೆ ಎಫ್‌ಜಿಎಫ್4 ಮೊದಲೇ ಸೇರಿದ್ದರೆ ಹುಟ್ಟುವುದು ಸೆರೊಟೋನಿನ್ ನರಕೋಶಗಳು ಎಂದು 1998ರ ಪ್ರಯೋಗಗಳು ತೋರಿಸಿದವು. ಮುಂದೆ ಇಡೀ ಬದುಕಿನ ಆಸೆ, ಚಲನೆ, ಮನಸ್ಥಿತಿಗಳಲ್ಲಿ ಪಾಲು ಪಡೆಯಲಿರುವ ಎರಡು ವ್ಯವಸ್ಥೆಗಳ ಜಾಗ ಹೀಗೆ ಭ್ರೂಣದ ಮೂಲೆಯೊಂದರಲ್ಲಿ ಗೊತ್ತಾಗಿಬಿಡುತ್ತದೆ.

ಕೋಶ ಹುಟ್ಟಿದ ಮೇಲೂ ಈ ಭಾಷೆ ಬದಲಾಗಬಹುದು. ಬೆವರಿನ ಗ್ರಂಥಿಯೇ ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿಗೆ ಬಂದು ಸೇರುವ ಸಿಂಪಥೆಟಿಕ್ ನರ ಮೊದಲಿಗೆ ತನ್ನ ಬಳಗದ ಉಳಿದವುಗಳಂತೆ ನಾರ್‌ಅಡ್ರಿನಲಿನ್ ಎಂಬ ನರವಾಹಕವನ್ನು ಬಳಸುತ್ತಿರುತ್ತದೆ. ಗ್ರಂಥಿಯಿಂದ ಬರುವ ಒಂದು ಅಂಶ ಅದನ್ನು ಮಾರ್ಪಡಿಸುತ್ತದೆ, ಇಲಿಮರಿಗಳಲ್ಲಿ ಹುಟ್ಟಿದ ಕೆಲವು ವಾರಗಳಲ್ಲೇ ಆ ನರ ಅಸಿಟೈಲ್‌ಕೋಲಿನ್‌ಗೆ ಹೊರಳಿರುತ್ತದೆ. 1970ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಪಾಲ್ ಪ್ಯಾಟರ್ಸನ್ ಮತ್ತು ಲಿಂಡಾ ಚುನ್ ಅವರು ಇದೇ ಬಗೆಯ ಹೊರಳುವಿಕೆಯನ್ನು ಗಾಜಿನ ತಟ್ಟೆಯಲ್ಲಿ ಕಂಡರು. ಬೇರೆ ಜೀವಕೋಶಗಳು ಬೆಳೆದಿದ್ದ ದ್ರವವನ್ನು ಸಿಂಪಥೆಟಿಕ್ ನರಕೋಶಗಳಿಗೆ ಹಾಕಿದರೆ ಸಾಕು, ಅವು ಅಸಿಟೈಲ್‌ಕೋಲಿನ್ ತಯಾರಿಸತೊಡಗುತ್ತಿದ್ದವು. ಅದೇ ಹಾರ್ವರ್ಡ್‌ನಲ್ಲಿ ಎಡ್ವಿನ್ ಫರ್ಷ್‌ಪಾನ್, ಡೇವಿಡ್ ಪಾಟರ್ ಮತ್ತು ಜೊತೆಗಾರರು 1976ರಲ್ಲಿ ಇನ್ನೂ ಚೆಂದದ ದೃಶ್ಯವೊಂದನ್ನು ದಾಖಲಿಸಿದರು. ಪುಟ್ಟ ತಟ್ಟೆಯಲ್ಲಿ ಮಿಡಿಯುತ್ತಿರುವ ಕೆಲವು ಹೃದಯಕೋಶಗಳ ಮೇಲೆ ಒಂದೇ ಒಂದು ನರಕೋಶ. ಅದನ್ನು ಪ್ರಚೋದಿಸಿದರೆ ಮಿಡಿತ ಮೊದಲು ತಡೆಯುತ್ತದೆ, ಆಮೇಲೆ ಚುರುಕಾಗುತ್ತದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವ ಹಾದಿಯಲ್ಲಿ ಎರಡನ್ನೂ ಆಡಬಲ್ಲ ನರಕೋಶ ಅದು.

ಮಿದುಳಿನಲ್ಲಿ ಅತ್ಯಂತ ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವ ಅಂಶ ಬಿಡಿಎನ್‌ಎಫ್, ಅಂದರೆ ಮಿದುಳು ಮೂಲದ ನರಪೋಷಕ ಅಂಶ. ಈವ್ ಅಲೈನ್ ಬಾರ್ಡ್, ಹಾನ್ಸ್ ಥೋನೆನ್ ಮತ್ತು ಸಂಗಡಿಗರು 1982ರಲ್ಲಿ ಇದನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿದಾಗ, 1.5 ಕಿಲೋ ಮಿದುಳಿಗೆ ಸಿಕ್ಕಿದ್ದು ಸುಮಾರು 1 ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಇಷ್ಟು ಕಡಿಮೆ ಇರುವ ವಸ್ತು ಮಾಡುವ ಕೆಲಸಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ಹೊತ್ತಿನ ಮಹತ್ವ ತಿಳಿಯುತ್ತದೆ.

ದೊಡ್ಡವರ ಮಿದುಳಿನಲ್ಲಿ ಗಾಬಾ ಎಂಬುದು ತಡೆಯುವ ನರವಾಹಕ, ನರಕೋಶವನ್ನು ಸುಮ್ಮನಾಗಿಸುವಂಥದ್ದು. ಎಳೆಯ ಮಿದುಳಿನಲ್ಲಿ ಅದೇ ಗಾಬಾ ಬಹುಮಟ್ಟಿಗೆ ಕೆರಳಿಸುವ ಕೆಲಸ ಮಾಡುತ್ತದೆ. ಇಲ್ಲಿ ಬದಲಾಗುವುದು ಗಾಬಾ ಅಲ್ಲ, ಅದನ್ನು ಪಡೆಯುವ ಕೋಶದೊಳಗಿನ ಕ್ಲೋರೈಡಿನ ಪ್ರಮಾಣ. ಎಳೆಯ ನರಕೋಶದೊಳಗೆ ಕ್ಲೋರೈಡ್ ತುಂಬಿರುವುದರಿಂದ ಗಾಬಾ ಬಂದು ಬಾಗಿಲು ತೆರೆದಾಗ ಅದು ಹೊರಗೆ ನುಗ್ಗುತ್ತದೆ, ಋಣ ಆವೇಶ ಹೊರಹೋದ ಕೋಶ ಕೆರಳುತ್ತದೆ. ದಿನ ಕಳೆದಂತೆ ಕೆಸಿಸಿ2 ಎಂಬ ಪ್ರೋಟೀನು ಕೋಶದ ಪೊರೆಯಲ್ಲಿ ಹೆಚ್ಚಿ ಕ್ಲೋರೈಡನ್ನು ಎತ್ತಿ ಹೊರಹಾಕತೊಡಗುತ್ತದೆ. ಆಗ ಅದೇ ಬಾಗಿಲು ತೆರೆದರೆ ಕ್ಲೋರೈಡ್ ಒಳಗೆ ಬರುತ್ತದೆ, ಕೋಶ ತಣ್ಣಗಾಗುತ್ತದೆ. ಬೆಳೆಯುವ ಮಿದುಳಿನಲ್ಲಿ ಕೆಸಿಸಿ2 ಹೆಚ್ಚಲು ನೆರವಾಗುವ ಸಂಕೇತಗಳಲ್ಲಿ ಬಿಡಿಎನ್‌ಎಫ್ ಒಂದು. ಆದರೆ ಬೆಳೆದು ಪಕ್ವವಾದ ನರಕೋಶಗಳಲ್ಲಿ, ವಿಶೇಷವಾಗಿ ನರಕ್ಕೆ ಪೆಟ್ಟಾದಾಗ, ಅದೇ ಬಿಡಿಎನ್‌ಎಫ್ ಕೆಸಿಸಿ2 ಅನ್ನು ತಗ್ಗಿಸುತ್ತದೆ. ಬೆನ್ನುಹುರಿಯಲ್ಲಿ ಹಾಗಾದಾಗ ತಡೆಯಬೇಕಾದ ಗಾಬಾ ತಡೆಯದೆ ಹೋಗಿ ನೋವು ಹಳೆಯ ರೋಗವಾಗಿ ನೆಲೆಯೂರಲು ದಾರಿಯಾಗುತ್ತದೆ. ಗೊಬ್ಬರದ ಲೆಕ್ಕ ಇಲ್ಲಿ ಪೂರ್ತಿ ಕೈಕೊಡುತ್ತದೆ.

ಸಿನಾಪ್ಸ್‌ನ ಮಟ್ಟದಲ್ಲಿ ಬಿಡಿಎನ್‌ಎಫ್ ನಿಮಿಷಗಳಲ್ಲಿಯೂ ಕೆಲಸ ಮಾಡಬಲ್ಲದು ಎಂಬುದು 1993ರಲ್ಲಿ ಕಪ್ಪೆಯ ಭ್ರೂಣದ ನರ ಮತ್ತು ಸ್ನಾಯುಗಳ ಕೂಡಿಕೆಯಲ್ಲಿ ಗೊತ್ತಾಯಿತು. ನರಕೋಶ ಚುರುಕಾಗಿ ಮಿಡಿದಾಗ ಬಿಡಿಎನ್‌ಎಫ್ ಹೊರಬರುತ್ತದೆ, ಅದು ಟ್ರ್ಯಾಕ್-ಬಿ ಗ್ರಾಹಿಯ ಮೂಲಕ ಗ್ಲುಟಮೇಟ್ ಬಿಡುಗಡೆಯನ್ನು ಹೆಚ್ಚಿಸಿ, ಆಚೆ ಬದಿಯ ಗ್ರಾಹಿಗಳನ್ನೂ ಹದಗೊಳಿಸಿ, ಬಳಕೆಯಾದ ಸಿನಾಪ್ಸನ್ನು ಗಟ್ಟಿ ಮಾಡುತ್ತದೆ. ಬಿಡಿಎನ್‌ಎಫ್ ಜೀನ್ ತೆಗೆದ ಇಲಿಗಳಲ್ಲಿ, ನೆನಪುಗಳನ್ನು ರೂಪಿಸುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ, ನೆನಪಿಗೆ ಆಧಾರವೆನ್ನಲಾದ ಈ ಗಟ್ಟಿಯಾಗುವಿಕೆ ಕುಂದಿರುವುದು 1995ರಲ್ಲಿ ಕಂಡಿತು. ಅನುಭವ ಮಿದುಳನ್ನು ತಿದ್ದುತ್ತದೆ ಎಂಬ ಮಾತಿಗೆ ಇದು ಒಂದು ಕಣ್ಣಿಗೆ ಕಾಣುವ ಅರ್ಥ ಕೊಡುತ್ತದೆ. ಇನ್ನು ಅನುಭವ ಯಾವಾಗ ತಿದ್ದಬೇಕು ಎಂಬುದರಲ್ಲಿಯೂ ಬಿಡಿಎನ್‌ಎಫ್ ಪಾಲಿದೆ. ಎರಡು ಕಣ್ಣುಗಳ ನೋಟಕ್ಕೆ ಮಿದುಳು ಜಾಗ ಹಂಚುವ ನಿರ್ಣಾಯಕ ಅವಧಿಯೊಂದು ಎಳವೆಯಲ್ಲಿರುತ್ತದೆ. ಬಿಡಿಎನ್‌ಎಫ್ ಬೇಗನೆ ಹೆಚ್ಚುವಂತೆ ಜೀನ್ ಬದಲಿಸಿದ ಇಲಿಗಳಲ್ಲಿ ತಡೆಯುವ ನರಕೋಶಗಳು ಬೇಗ ಪಕ್ವವಾಗಿ ಆ ಅವಧಿ ಅಕಾಲದಲ್ಲೇ ಮುಗಿಯುತ್ತದೆಂದು 1999ರಲ್ಲಿ ಎರಡು ತಂಡಗಳು ವರದಿ ಮಾಡಿದವು. ಹೆಚ್ಚು ಬಿಡಿಎನ್‌ಎಫ್ ಪಡೆದ ಮಿದುಳು ಹೆಚ್ಚು ದಿನ ಕಲಿಯಲಿಲ್ಲ, ಬೇಗ ಬಾಗಿಲು ಹಾಕಿಕೊಂಡಿತು.

ಇಷ್ಟಾದ ಮೇಲೆ ನಡವಳಿಕೆಗೆ ಬರೋಣ. ಬಿಡಿಎನ್‌ಎಫ್ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನಷ್ಟೇ ಹೊಂದಿದ ಇಲಿಗಳು ನೋಡಲು ಆರೋಗ್ಯವಾಗಿದ್ದರೂ ಮಿತಿಮೀರಿ ತಿನ್ನುತ್ತವೆ, ಜೊತೆಗಿರುವ ಇಲಿಗಳ ಮೇಲೆರಗುತ್ತವೆ. ವಯಸ್ಸಾದಂತೆ ಅವುಗಳ ಮಿದುಳಿನಲ್ಲಿ ಸೆರೊಟೋನಿನ್ ನರತಂತುಗಳು ಅಕಾಲದಲ್ಲಿ ಕ್ಷೀಣಿಸುತ್ತವೆ, ಸೆರೊಟೋನಿನ್ ಹೆಚ್ಚಿಸುವ ಫ್ಲುಆಕ್ಸೆಟಿನ್ ಎಂಬ ಔಷಧ ಕೊಟ್ಟರೆ ಆ ನಡತೆ ತಹಬಂದಿಗೆ ಬರುತ್ತದೆ. ಮನುಷ್ಯರಲ್ಲಿಯೂ ಇದಕ್ಕೆ ಸಮಾನಾಂತರವಿದೆ. ಹನ್ನೊಂದನೆಯ ಕ್ರೋಮೋಸೋಮಿನ ಒಂದು ಭಾಗ ಕಳೆದುಹೋಗಿ ಬರುವ ವ್ಯಾಗರ್ ಸಿಂಡ್ರೋಮ್ ಎಂಬ ವಿರಳ ಸ್ಥಿತಿಯಲ್ಲಿ, ಕೆಲವರಿಗೆ ಆ ಭಾಗದೊಂದಿಗೆ ಬಿಡಿಎನ್‌ಎಫ್ ಜೀನಿನ ಒಂದು ಪ್ರತಿಯೂ ಹೋಗಿರುತ್ತದೆ, ಕೆಲವರಿಗೆ ಉಳಿದಿರುತ್ತದೆ. 2008ರ ಅಧ್ಯಯನವೊಂದರಲ್ಲಿ ಬಿಡಿಎನ್‌ಎಫ್ ಕಳೆದುಕೊಂಡವರೆಲ್ಲರೂ 10 ವರ್ಷದೊಳಗೆ ಬೊಜ್ಜು ಬೆಳೆಸಿಕೊಂಡಿದ್ದರು, ಉಳಿಸಿಕೊಂಡವರಲ್ಲಿ ಆ ಪ್ರಮಾಣ ಶೇ. 20 ಮಾತ್ರ. ಹಸಿವು, ಹೊಟ್ಟೆ ತುಂಬಿತೆಂಬ ಅರಿವು ಇವೆಲ್ಲ ಮನಸ್ಸಿನ ಬಿಗಿಯ ಪ್ರಶ್ನೆ ಎಂದು ಸುಲಭವಾಗಿ ತೀರ್ಪು ಕೊಡುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಬಿಡಿಎನ್‌ಎಫ್ ಜೀನಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸವೊಂದು ಬಹಳ ಜನರಲ್ಲಿದೆ. ಅದರಿಂದಾಗಿ ಪ್ರೋಟೀನಿನ 66ನೆಯ ಸ್ಥಾನದಲ್ಲಿ ವ್ಯಾಲಿನ್ ಎಂಬ ಅಮೈನೊ ಆಮ್ಲದ ಬದಲು ಮೆಥಿಯೊನಿನ್ ಬರುತ್ತದೆ, ನರಕೋಶ ಮಿಡಿದಾಗ ಹೊರಬರುವ ಬಿಡಿಎನ್‌ಎಫ್ ಕಡಿಮೆಯಾಗುತ್ತದೆ. 2003ರಲ್ಲಿ ಇದು ನೆನಪಿನ ಪರೀಕ್ಷೆಗಳ ಫಲಿತಾಂಶದೊಂದಿಗೆ ತಳುಕು ಹಾಕಿಕೊಂಡಾಗ ಆತಂಕ, ಖಿನ್ನತೆ, ಬುದ್ಧಿಶಕ್ತಿಗಳನ್ನೆಲ್ಲ ಈ ಒಂದು ಅಕ್ಷರಕ್ಕೆ ಕಟ್ಟುವ ಉತ್ಸಾಹ ಎದ್ದಿತು. ಆಮೇಲಿನ ಅಧ್ಯಯನಗಳಲ್ಲಿ ಅವುಗಳಲ್ಲಿ ಬಹಳಷ್ಟು ನಿಲ್ಲಲಿಲ್ಲ. ಹಾಗೆಯೇ ರಕ್ತದಲ್ಲಿ ಅಳೆಯುವ ಬಿಡಿಎನ್‌ಎಫ್‌ನಲ್ಲಿ ದೊಡ್ಡ ಪಾಲು ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳಲ್ಲಿ ಕೂಡಿಟ್ಟಿರುವಂಥದ್ದು, ಅದನ್ನು ಮಿದುಳಿನ ಕನ್ನಡಿ ಎಂದು ನಂಬುವಂತಿಲ್ಲ. ‘ಬಿಡಿಎನ್‌ಎಫ್ ಹೆಚ್ಚಿಸುವ’ ಪುಡಿ, ಮಾತ್ರೆಗಳ ಜಾಹೀರಾತುಗಳನ್ನು ನೋಡಿದಾಗಲೆಲ್ಲ ಮಿದುಳಿನ ಯಾವ ಭಾಗದಲ್ಲಿ, ಯಾವ ಗ್ರಾಹಿಗೆ ಎಂದು ಕೇಳಬೇಕೆನಿಸುತ್ತದೆ.

ಈಗ ಆ ಬೇಗ ತೆರೆದ ಕಣ್ಣುಗಳ ಕಥೆಗೆ ಮರಳೋಣ. ಜಪಾನಿನ ನೀಗಾಟಾ ವಿಶ್ವವಿದ್ಯಾಲಯದಲ್ಲಿ ಹಿರೊಯುಕಿ ನಾವಾ ಅವರ ತಂಡ ಇದೇ ಇಜಿಎಫ್ ಅನ್ನು ಆಗತಾನೇ ಹುಟ್ಟಿದ ಇಲಿಗಳಿಗೆ ಕೆಲವು ದಿನ ಚರ್ಮದಡಿ ಚುಚ್ಚಿ, ಅವು ದೊಡ್ಡವಾಗುವವರೆಗೆ ಕಾದು ಅವುಗಳ ನಡತೆಯನ್ನು ಪರೀಕ್ಷಿಸಿತು. ಪರೀಕ್ಷೆ ಸರಳವಾದುದು. ಇದ್ದಕ್ಕಿದ್ದಂತೆ ಜೋರಾಗಿ ಸದ್ದು ಮಾಡಿದರೆ ಇಲಿ ಬೆಚ್ಚಿಬೀಳುತ್ತದೆ. ಆ ಜೋರು ಸದ್ದಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಮೊದಲು ಮೆಲ್ಲನೆಯ ಸದ್ದೊಂದನ್ನು ಕೇಳಿಸಿದರೆ ಬೆಚ್ಚುವುದು ಕಡಿಮೆಯಾಗುತ್ತದೆ, ಮಿದುಳು ಅಷ್ಟರೊಳಗೆ ಬೇಡದ್ದನ್ನು ಸೋಸುವ ಜರಡಿಯನ್ನು ಅಡ್ಡ ಹಿಡಿದಿರುತ್ತದೆ. ಮನುಷ್ಯರಲ್ಲಿಯೂ ಹೀಗೆಯೇ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವವರಲ್ಲಿ ಈ ಸೋಸುವಿಕೆ ಹಲವೊಮ್ಮೆ ದುರ್ಬಲವಾಗಿರುತ್ತದೆ. ಇಜಿಎಫ್ ಪಡೆದ ಮರಿಗಳು ಪ್ರಾಯಕ್ಕೆ ಬಂದ ಮೇಲೆ ಅವುಗಳ ಜರಡಿ ಕೆಟ್ಟಿರುವುದು ಕಂಡಿತು, ಇತರ ಇಲಿಗಳೊಡನೆ ಬೆರೆಯುವುದೂ ಕಡಿಮೆಯಾಗಿತ್ತು. ಆ ಹೊತ್ತಿಗೆ ಚುಚ್ಚಿದ ಇಜಿಎಫ್ ದೇಹದಿಂದ ಎಂದೋ ಹೋಗಿತ್ತು. ಅದು ಉಳಿಸಿಹೋದದ್ದು ಡೋಪಮಿನ್ ವ್ಯವಸ್ಥೆಯಲ್ಲಿನ ಏರುಪೇರನ್ನು: ನಡುಮಿದುಳಿನ ಡೋಪಮಿನ್ ನರಕೋಶಗಳ ಮೇಲೆ ಇಜಿಎಫ್ ಹಿಡಿಯುವ ಗ್ರಾಹಿಗಳಿವೆ, ನವಜಾತ ಪ್ರಾಣಿಯಲ್ಲಿ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಇನ್ನೂ ಪೂರ್ತಿ ಬಿಗಿಯಾಗಿರುವುದಿಲ್ಲ. ಇಲಿಗೆ ಸ್ಕಿಜೋಫ್ರೇನಿಯಾ ಬಂತು ಎಂದು ಇದನ್ನು ಓದಬಾರದು. ಆದರೂ ಮೊದಲ ವಾರದ ಓಲೆಯೊಂದು ಪ್ರಾಯ ಬರುವವರೆಗೆ ಸದ್ದಿಲ್ಲದೆ ಕಾದಿರಬಲ್ಲದು ಎಂಬುದು ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ.

ಅಂಥ ಕಾಯುವಿಕೆಗೆ ಪ್ರಯೋಗಾಲಯದ ಚುಚ್ಚುಮದ್ದೇ ಬೇಕೆಂದಿಲ್ಲ. ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಮೀನಿ ಅವರ ತಂಡವು, ತಾಯಿ ಹೆಚ್ಚು ನೆಕ್ಕಿ ಸಾಕಿದ ಇಲಿಮರಿಗಳ ಹಿಪೊಕ್ಯಾಂಪಸ್‌ನಲ್ಲಿ ಬಿಡಿಎನ್‌ಎಫ್ ಮತ್ತು ಗ್ಲುಟಮೇಟ್ ಗ್ರಾಹಿಗಳು ಹೆಚ್ಚಿರುವುದನ್ನೂ ಅವು ದೊಡ್ಡವಾದಾಗ ದಾರಿ ಕಲಿಯುವುದರಲ್ಲಿ ಮುಂದಿರುವುದನ್ನೂ 2000ದಲ್ಲಿ ತೋರಿಸಿತು. ಒರಟಾಗಿ ನಡೆಸಿಕೊಂಡ ತಾಯಿಯ ಬಳಿ ಬೆಳೆದ ಮರಿಗಳ ಮಿದುಳಿನ ಮುಂಭಾಗದಲ್ಲಿ ಬಿಡಿಎನ್‌ಎಫ್ ಜೀನಿನ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಬಿದ್ದು ಜೀನಿನ ಕೆಲಸ ಪ್ರಾಯದಲ್ಲಿಯೂ ತಗ್ಗಿರುವುದು 2009ರಲ್ಲಿ ಅಮೆರಿಕದ ಇನ್ನೊಂದು ತಂಡಕ್ಕೆ ಕಂಡಿತು.

ಬೆಳವಣಿಗೆ ಅಂಶಗಳನ್ನು ಮಿದುಳಿನ ಔಷಧವಾಗಿಸುವ ಯತ್ನಗಳು ಇದುವರೆಗೆ ಹೆಚ್ಚಾಗಿ ನಿರಾಸೆಯನ್ನೇ ತಂದಿವೆ. ಅಲ್‌ಜೈಮರ್ ಕಾಯಿಲೆಯಲ್ಲಿ ಕ್ಷೀಣಿಸುವ ಅಸಿಟೈಲ್‌ಕೋಲಿನ್ ನರಕೋಶಗಳಿಗೆ ಎನ್‌ಜಿಎಫ್ ಆಸರೆಯಾಗಬಹುದೆಂದು ಸ್ವೀಡನ್ನಿನ ವೈದ್ಯರು 1990ರ ದಶಕದಲ್ಲಿ ಮೂವರು ರೋಗಿಗಳ ಮಿದುಳಿನ ದ್ರವಕ್ಕೆ ಅದನ್ನು ಹನಿಹನಿಯಾಗಿ ಹರಿಸಿದರು. ಪ್ರೋಟೀನು ಮಿದುಳಿನ ದ್ರವದಲ್ಲಿ ಹರಡಿ ಬೆನ್ನುಹುರಿಯ ಬೇರುಗಳವರೆಗೂ ತಲುಪಬಲ್ಲದು, ಅಲ್ಲಿರುವುದು ನೋವಿನ ನರಕೋಶಗಳು. ಭ್ರೂಣದಲ್ಲಿ ಬದುಕಲು ಎನ್‌ಜಿಎಫ್ ಬೇಡಿದ ಆ ಕೋಶಗಳು ದೊಡ್ಡವರಲ್ಲಿ ಅದಿಲ್ಲದೆಯೂ ಬದುಕುತ್ತವೆ, ಆದರೆ ಅದು ಸಿಕ್ಕರೆ ಇನ್ನಷ್ಟು ಸೂಕ್ಷ್ಮವಾಗುತ್ತವೆ. ರೋಗಿಗಳಿಗೆ ಬಿಡದ ಬೆನ್ನುನೋವು ಹತ್ತಿತು, ತೂಕ ಇಳಿಯಿತು, ಎನ್‌ಜಿಎಫ್ ನಿಲ್ಲಿಸಿದ ಕೆಲವೇ ದಿನಗಳಲ್ಲಿ ನೋವು ಮಾಯವಾಯಿತು.